ಎದ್ದು ನಿಂತವನ ಹೆಸರು ವರದಿಯಲ್ಲಿಲ್ಲ

"ಕೆಡುಕನ್ನು ಕೈಯಿಂದ ತಡೆಯುವುದು ಆಡಳಿತಗಾರರ ಕೆಲಸ, ನಾಲಿಗೆಯಿಂದ ತಡೆಯುವುದು ವಿದ್ವಾಂಸರ ಕೆಲಸ, ಸಾಮಾನ್ಯರು ಮನಸ್ಸಿನಲ್ಲಿ ಅಸಹ್ಯಪಟ್ಟರೆ ಸಾಕು ಎಂದು ಪ್ರವಚನವೊಂದರಲ್ಲಿ ಕೇಳಿದೆ. ಆಳುವವನೇ ಅನ್ಯಾಯ ಮಾಡಿದರೂ ನಾನು ಸುಮ್ಮನಿರಬೇಕೆ? ಮಾತಾಡಿದರೆ ಮನೆಮಂದಿಗೆ ಏನಾಗುವುದೋ ಎಂಬ ಭಯವೂ ಇದೆ" ಎಂದು ಓದುಗರೊಬ್ಬರು ಬರೆದಿದ್ದಾರೆ.

ಸುಮ್ಮನಿರಬೇಕಾಗಿಲ್ಲ, ಸಹೋದರರೇ. ನೀವು ಕೇಳಿದ ಮಾತಿಗೆ ಮೂಲವಾದ ಹದೀಸ್ (ಪ್ರವಾದಿವಚನ) ಉದ್ಧರಣೆಯಾದ ಸಂದರ್ಭ, ಪ್ರಮುಖ ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲೇ ಇದೆ. ಮದೀನಾದ ಆಡಳಿತಗಾರ, ಉಮಯ್ಯಾ ಮನೆತನದ ಮರ್ವಾನ್ ಈದ್ ದಿನ ನಮಾಝಿಗೆ ಮೊದಲೇ ಖುತ್ಬಾ (ಧಾರ್ಮಿಕ ಭಾಷಣ) ನೀಡಲು ಹೊರಟ. ಒಬ್ಬ ಮನುಷ್ಯ ಎದ್ದು ನಿಂತು, "ಖುತ್ಬಾಕ್ಕಿಂತ ಮೊದಲು ನಮಾಝ್" ಎಂದ. "ಆ ಪದ್ಧತಿಯನ್ನು ಕೈಬಿಡಲಾಗಿದೆ" ಎಂದ ಮರ್ವಾನ್. ಆಗ ಪ್ರವಾದಿಯ ಸಂಗಾತಿ ಅಬೂ ಸಈದ್ ಅಲ್ ಖುದ್ರಿ(ರ), "ಇವನು ತನ್ನ ಹೊಣೆ ತೀರಿಸಿದ" ಎಂದು ಹೇಳಿ, ತಾವು ಕೇಳಿದ್ದ ಪ್ರವಾದಿವಚನವನ್ನು ಎಲ್ಲರಿಗೂ ಕೇಳಿಸಿದರು. ಎದ್ದು ನಿಂತವನ ಹೆಸರನ್ನೂ ಆ ವರದಿ ಹೇಳುವುದಿಲ್ಲ. "ನಿಮ್ಮಲ್ಲಿ ಯಾರೇ ಕೆಡುಕನ್ನು ಕಂಡರೂ" ಎಂದು ವಚನ ಆರಂಭವಾಗುತ್ತದೆ. ಹುದ್ದೆಯ ಮಾತಿಲ್ಲ, ಪಾಂಡಿತ್ಯದ ಮಾತಿಲ್ಲ. ಕೈಯಿಂದ ನಾಲಿಗೆಗೆ, ನಾಲಿಗೆಯಿಂದ ಮನಸ್ಸಿಗೆ ಇಳಿಯಲು ಅದು ಕೊಡುವ ಕಾರಣ ಅಶಕ್ತಿಯೊಂದೇ.

ಹಾಗಾದರೆ ಕತ್ತಿ ಎತ್ತಬಹುದೇ? ಇಲ್ಲಿ ಇಮಾಮರ ನಡುವೆ ಒಮ್ಮತವಿರಲಿಲ್ಲ. 740ರಲ್ಲಿ ಪ್ರವಾದಿಯ ವಂಶದ ಝೈದ್ ಬಿನ್ ಅಲೀ ಉಮಯ್ಯಾ ಆಳ್ವಿಕೆಯ ವಿರುದ್ಧ ಬಂಡೆದ್ದಾಗ ಇಮಾಮ್ ಅಬೂ ಹನೀಫಾ ಹಣದ ನೆರವು ಕಳುಹಿಸಿದರೆಂದು ಚರಿತ್ರಕಾರರು ಬರೆದಿದ್ದಾರೆ. ನಂತರದ ಸುನ್ನೀ ವಿದ್ವಾಂಸರಲ್ಲಿ ಹೆಚ್ಚಿನವರು ರಕ್ತಪಾತಕ್ಕೆ ಹೆದರಿ ಬಂಡಾಯವನ್ನು ನಿಷೇಧಿಸಿದರು. ಈ ನಿಷೇಧವನ್ನೇ ಮೌನಕ್ಕೆ ಪರವಾನಗಿ ಮಾಡಿಕೊಂಡವರು ಇಮಾಮ್ ಅಹ್ಮದ್ ಬಿನ್ ಹಂಬಲ್ ಅವರ ಬೆನ್ನಿನ ಬಾಸುಂಡೆಗಳನ್ನು ನೆನೆಯಲಿ. ಕುರ್‌ಆನ್ ಅನಾದಿಯಲ್ಲ, ಸೃಷ್ಟಿಯೆಂದು ವಿದ್ವಾಂಸರು ಒಪ್ಪಲೇಬೇಕೆಂದು 833ರಲ್ಲಿ ಖಲೀಫ ಮಅಮೂನ್ ಆಜ್ಞಾಪಿಸಿದಾಗ ಬಗ್ದಾದಿನ ಹಲವರು ಹೆದರಿ ಒಪ್ಪಿದರು. ಇವರು ಒಪ್ಪಲಿಲ್ಲ. ಮಅಮೂನ್‌ನ ನಂತರ ಮುಅ್‌ತಸಿಮ್ ಖಲೀಫನಾದ ಮೇಲೆ ಚಾಟಿಯೇಟು ಬಿತ್ತು. ಆಗಲೂ ಅವರು ಕೇಳಿದ್ದು ಅಲ್ಲಾಹನ ಗ್ರಂಥದಿಂದಲೋ ಪ್ರವಾದಿಚರ್ಯೆಯಿಂದಲೋ ಒಂದು ಪುರಾವೆಯನ್ನು. ಮುಂದೆ ಖಲೀಫ ವಾಸಿಕ್‌ನ ಕಾಲದಲ್ಲಿ ಬಗ್ದಾದಿನ ಫಕೀಹರು (ಕರ್ಮಶಾಸ್ತ್ರಜ್ಞರು) ಬಂದು ಬಂಡಾಯದ ಮಾತೆತ್ತಿದಾಗ, ಜನರ ರಕ್ತ ಹರಿಸಬೇಡಿ ಎಂದು ತಡೆದವರೂ ಇವರೇ. ಎರಡನೆಯದನ್ನು ಮಾತ್ರ ಹೇಳಿ ಮೊದಲನೆಯದನ್ನು ಮುಚ್ಚಿಡುವುದು ಆ ಮಹಾತ್ಮನಿಗೆ ಮಾಡುವ ದ್ರೋಹವೆಂದೇ ನನ್ನ ಭಾವನೆ.

ಇನ್ನು ನಿಮ್ಮ ಭಯ. ಅದಕ್ಕೆ ನಾಚಬೇಡಿ. ದೊರೆಯೆದುರು ಒರಟಾಗಿ ಮಾತಾಡಿದರೂ ಪೆಟ್ಟು ತನ್ನೊಬ್ಬನಿಗೇ ಬೀಳುವುದಾದರೆ ಅದು ಮೆಚ್ಚತಕ್ಕದ್ದು, ಇತರರಿಗೂ ತಟ್ಟುವುದಾದರೆ ಅದಕ್ಕೆ ಅನುಮತಿಯಿಲ್ಲ ಎಂದು ಇಮಾಮ್ ಗಝ್ಝಾಲಿ ಬರೆದಿದ್ದಾರೆ. ಮಾತಾಡುವ ಮೊದಲು ಮನೆಯವರನ್ನು ನೆನೆಯುವುದು ಕರ್ಮಶಾಸ್ತ್ರ ಒಪ್ಪಿದ ಎಚ್ಚರಿಕೆಯೇ. ಆದರೆ ಯಾರಿಗೂ ಹಾನಿಯಿಲ್ಲದ ಕಡೆಯೂ "ನಾನು ಸಾಮಾನ್ಯ" ಎಂದು ಹಿಂದೆ ಸರಿಯಲು ಆ ಹದೀಸ್‌ನಲ್ಲಿ ನಿಮಗೆ ಆಧಾರ ಸಿಗುವುದಿಲ್ಲ.