ಫೈರ್ ಸ್ಟೇಷನ್: ಮಲಗುವ ಕೋಣೆ ಮೇಲಿಟ್ಟು ಜಾರುಗಂಬ ಹಾಕಲೋ, ಎಲ್ಲಾ ನೆಲಮಟ್ಟದಲ್ಲೇ ಇಡಲೋ?

ಹೊಸ ಫೈರ್ ಸ್ಟೇಷನ್ನಿನ ಪ್ಲಾನ್‌ನಲ್ಲಿ ಮಲಗುವ ಕೋಣೆ ಮೇಲಿಟ್ಟು, ಅದರೊಳಗಿಂದಲೇ ಗಾಡಿ ನಿಲ್ಲುವ ಜಾಗಕ್ಕೆ ಜಾರಿ ಇಳಿಯುವ ಕಂಬ ಹಾಕಲೋ, ಇಲ್ಲ ಎಲ್ಲವನ್ನೂ ನೆಲಮಟ್ಟದಲ್ಲೇ ಇಡಲೋ ಅಂತ ಬರೆದು ಕೇಳಿದ್ದೀರಿ. ಕಂಬವೋ ನೆಲಮಟ್ಟವೋ ಅಂತ ನಾನೂ ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ನಾನು ಪ್ಲಾನ್ ಮಾಡಿದ ಮೊದಲ ಫೈರ್ ಸ್ಟೇಷನ್ ಅದು. ಬೆಂಕಿಯ ಕರೆ ಬಂದರೆ 80 ಸೆಕೆಂಡಿನೊಳಗೆ ಸಿಬ್ಬಂದಿ ತಯಾರಾಗಿ ಗಾಡಿ ಹೊರಡಬೇಕು ಅನ್ನುತ್ತಿತ್ತು ಅಮೆರಿಕದ ಅಗ್ನಿಶಾಮಕ ದಳಗಳ ಮಾನದಂಡ ಎನ್‌ಎಫ್‌ಪಿಎ 1710. ಆ 80 ನನ್ನ ತಲೆ ಹೊಕ್ಕು ಕೂತಿತ್ತು. ಪ್ಲಾನ್ ಮೇಲೆ ಹೆಜ್ಜೆ ಎಣಿಸುತ್ತಿದ್ದೆ. ಕೊನೆಗೆ ಕಂಬ ಬಿಟ್ಟು ಎಲ್ಲವನ್ನೂ ನೆಲಮಟ್ಟಕ್ಕೆ ತಂದೆ. ಅಡುಗೆಮನೆಯಿಂದ ಗಾಡಿ ನಿಲ್ಲುವ ಜಾಗಕ್ಕೆ ನೇರ ಬಾಗಿಲು ಇಟ್ಟೆ. ಊಟದ ಟೇಬಲ್‌ನಿಂದ ಎದ್ದರೆ ಹತ್ತೇ ಹೆಜ್ಜೆ! ಭಾರೀ ಜಾಣತನ ಅಂದುಕೊಂಡಿದ್ದೆ.

ಕೆಟ್ಟದ್ದು ಆ ಬಾಗಿಲಿನಿಂದಲೇ.

ಬಿಡಿಸಿ ಹೇಳುತ್ತೇನೆ. ಒಲೆಯ ಮೇಲೆ ಹೊಗೆ ಎಳೆಯುವ ಫ್ಯಾನ್ ಇರುತ್ತದೆ ಅಲ್ವಾ? ಅದು ಗಾಳಿಯನ್ನು ಹೊರಗೆ ತಳ್ಳುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಕಿಟಕಿಗಳೆಲ್ಲ ಮುಚ್ಚಿದ್ದವು. ಉಳಿದದ್ದು ನನ್ನ ಬಾಗಿಲು. ಅದರ ಆಚೆ ಡೀಸೆಲ್ ಗಾಡಿ ಸ್ಟಾರ್ಟ್ ಆಗುತ್ತದೆ. ಬಾಗಿಲು ಮುಚ್ಚಿದ್ದರೂ ಕೆಳಗಿನ ಸಂದಿಯಿಂದ ಹೊಗೆ ಒಳಗೆ. ಬಾಗಿಲಿಗೆ ಸೀಲ್ ಕೂಡ ಹಾಕಿಸಿರಲಿಲ್ಲ. ಅಂದರೆ ಅಡುಗೆಮನೆಯ ಫ್ಯಾನ್‌ನಿಂದಲೇ ಗಾಡಿಯ ಹೊಗೆಯನ್ನು ಊಟದ ತಟ್ಟೆಯವರೆಗೆ ಎಳೆಸಿದ್ದೆ.

ವರ್ಷ ಕಳೆದ ಮೇಲೆ ನೋಡಲು ಹೋದೆ. ಅಲ್ಲಿನ ಹಿರಿಯರೊಬ್ಬರು ಮಾತಾಡದೆ ಬಾಗಿಲ ಚೌಕಟ್ಟಿನ ಮೇಲೆ ಬೆರಳು ಎಳೆದು ತೋರಿಸಿದರು. ಬೆರಳು ಕಪ್ಪಾಗಿತ್ತು. ಅಲ್ಲಿಂದ ಟೇಬಲ್ ಎರಡು ಮಾರು.

ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2012ರಲ್ಲೇ ಹೇಳಿತ್ತು. ಓದಿಯೂ ಇದ್ದೆ. 2022ರಲ್ಲಿ ಬೆಂಕಿ ಆರಿಸುವ ಕೆಲಸವನ್ನೇ ಅದೇ ಗುಂಪಿಗೆ ಸೇರಿಸಿದರು.

ಆಮೇಲೆ ನಡುವೆ ಒಂದು ಪುಟ್ಟ ಕೋಣೆ ಕಟ್ಟಿಸಿದೆವು. ಎರಡು ಬಾಗಿಲು, ಎರಡಕ್ಕೂ ಸೀಲ್, ಒಳಗೆ ಗಾಡಿ ಜಾಗಕ್ಕಿಂತ ತುಸು ಜಾಸ್ತಿ ಗಾಳಿಯ ಒತ್ತಡ. ಗಾಡಿಯ ಸೈಲೆನ್ಸರ್‌ಗೇ ಕೊಳವೆ ಸಿಕ್ಕಿಸಿ ಹೊಗೆಯನ್ನು ಹೊರಗೆ ಕಳಿಸುವ ವ್ಯವಸ್ಥೆಯೂ ಬಂತು. ನಡೆಯುವ ದಾರಿ ನಾಲ್ಕು ಹೆಜ್ಜೆ ಉದ್ದವಾಯಿತು, ಅಷ್ಟೆ. ಮೊದಲೇ ಮಾಡಿದ್ದರೆ ಗೋಡೆ ಒಡೆಯುವುದು ತಪ್ಪುತ್ತಿತ್ತು.

ಈಗ ನಿಮ್ಮ ಕಂಬಕ್ಕೆ ಬರೋಣ. 1878ರಲ್ಲಿ ಚಿಕಾಗೊದಲ್ಲಿ ಅದು ಶುರುವಾದಾಗ ಕೆಳಗಿದ್ದದ್ದು ಕುದುರೆಗಳು, ಡೀಸೆಲ್ ಎಂಜಿನ್ ಅಲ್ಲ. ಜಾಗ ಇಕ್ಕಟ್ಟಾಗಿದ್ದರೆ ಮೇಲೆ ಕಟ್ಟಿ, ಬೇಡ ಅನ್ನಲ್ಲ. ಆದರೆ ಕಂಬವೋ ನೆಲಮಟ್ಟವೋ ಅನ್ನುವುದೇ ತಪ್ಪು ಪ್ರಶ್ನೆ. ಬಿಸಿ ಹೊಗೆ ಮೇಲಕ್ಕೆ ಏರುತ್ತದೆ. ನಿಮ್ಮ ಕಂಬದ ತೂತು ಅಂದರೆ ನನ್ನ ಬಾಗಿಲೇ, ಅಡ್ಡ ಮಲಗಿಸಿದ್ದು. ಅದೂ ನೀವು ಬರೆದಿರುವ ಹಾಗೆ ಮಲಗುವ ಕೋಣೆಯೊಳಗೇ ತೆರೆಯುತ್ತದೆ. ಮೊದಲು ಅದನ್ನು ಅಲ್ಲಿಂದ ಎತ್ತಿ. ಕಂಬಕ್ಕೆ ಅದರದ್ದೇ ಗೂಡು, ಮೇಲೊಂದು ಬಾಗಿಲು, ಕೆಳಗೊಂದು ಬಾಗಿಲು. ಆಮೇಲೆ ಬೇಕಾದರೆ ಸೆಕೆಂಡು ಎಣಿಸಿ.