ಮಳೆ ಬಿದ್ದ ಮೇಲೆ ಪೋನಿ ಹೆಜ್ಜೆ ಇಡುತ್ತಿಲ್ಲ

ಪ್ರಶ್ನೆ: ಡಾಕ್ಟರೇ, ನಮ್ಮದು ಸಕಲೇಶಪುರದ ಹತ್ತಿರ ಕಾಫಿ ತೋಟ. ಮಗಳಿಗೆ ಅಂತ ತಂದ ಎರಡೂವರೆ ವರ್ಷದ ಗಂಡು ಪೋನಿ ಇದೆ. ಮುಂಗಾರು ಶುರುವಾದ ಮೇಲೆ ಗದ್ದೆ ಬಯಲಿನ ಹೊಸ ಹುಲ್ಲಿನಲ್ಲಿ ಇಡೀ ದಿನ ಮೇಯುತ್ತಿತ್ತು. ಜೊತೆಗೆ ಎರಡು ಹೊತ್ತು ಬೇಯಿಸಿದ ಹುರುಳಿ, ಬೆಲ್ಲ. ನಾಲ್ಕು ದಿನದಿಂದ ಮುಂಗಾಲು ಚಾಚಿ, ಹಿಂದಕ್ಕೆ ವಾಲಿ ನಿಲ್ಲುತ್ತಿದೆ. ಗೊರಸಿನಲ್ಲಿ ಕಲ್ಲು, ಮುಳ್ಳು ಏನೂ ಸಿಗಲಿಲ್ಲ. ಉಳುಕಿರಬೇಕು ಅಂತ ದಿನಾ ನಡೆಸುತ್ತಿದ್ದೇವೆ. ಹಸುಗಳಿಗೆ ಬೆಳೆದ ನೇಪಿಯರ್ ಹುಲ್ಲು ಹಾಕಬಹುದಾ?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಅಮ್ಮಾ, ನಡೆಸುವುದನ್ನು ಇವತ್ತೇ ನಿಲ್ಲಿಸಿ. ಉಳುಕಾದರೆ ಒಂದು ಕಾಲು ಕುಂಟುತ್ತದೆ. ಎರಡೂ ಮುಂಗಾಲಿನ ಭಾರ ತಪ್ಪಿಸಲು ಹಿಂದಕ್ಕೆ ವಾಲುವುದು ಲ್ಯಾಮಿನೈಟಿಸ್‌ನ ಗುರುತು. ಅಣಬೆಯನ್ನು ತಿರುಗಿಸಿದರೆ ಕೆಳಗೆ ತೆಳು ಪದರಗಳು ಕಾಣುತ್ತವಲ್ವಾ? ಗೊರಸಿನ ಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿಟ್ಟಿರುವುದು ಅಂಥವೇ ಪದರಗಳು. ಅವು ಊದಿಕೊಂಡಿವೆ. ಈಗ ನಡೆಸಿದರೆ ಹಿಡಿತ ಬಿಟ್ಟು ಮೂಳೆ ಕೆಳಗೆ ಜಾರಬಹುದು.

ಬೇಲೂರು ಕಡೆ ಕೆಲಸದಲ್ಲಿದ್ದಾಗ ಇಂಥದ್ದೇ ಒಂದು ಪೋನಿಗೆ ಉಳುಕು ಅಂದುಕೊಂಡು ಎಣ್ಣೆ ತಿಕ್ಕಿಸಿದೆ. ಮೂರನೇ ದಿನ ಅದು ಮಲಗಿಬಿಟ್ಟಿತು. ಬದುಕಿತು, ಆದರೆ ಮತ್ತೆ ಯಾರನ್ನೂ ಹೊರಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗೊರಸಿನ ಮೇಲಿನ ಗಂಟಿನ ಹಿಂದೆ, ಎರಡು ಪಕ್ಕಕ್ಕೂ ಬೆರಳಿಟ್ಟು ನೋಡಿ. ಆರೋಗ್ಯವಾಗಿದ್ದರೆ ನಾಡಿ ಸಿಗುವುದೇ ಕಷ್ಟ. ಈಗ ಬೆರಳಿಗೆ ಬಡಿಯುತ್ತಿರಬಹುದು, ಗೊರಸೂ ಬಿಸಿ ಇರಬಹುದು. ಪಶುವೈದ್ಯರನ್ನು ಇವತ್ತೇ ಮನೆಗೆ ಕರೆಸಿ. ನೋವಿನ ಔಷಧಿ ಅವರೇ ಕೊಡಲಿ, ಮನೆಯಲ್ಲಿರುವ ಮಾತ್ರೆ ಬೇಡ. ಅವರು ಬರುವವರೆಗೆ ಗೊರಸು ಮುಳುಗುವಷ್ಟು ಐಸ್ ನೀರಿನಲ್ಲಿ ನಿಲ್ಲಿಸಿ. ಕೊಟ್ಟಿಗೆಯಲ್ಲಿ ಮರಳನ್ನೋ ಮರದ ಹೊಟ್ಟನ್ನೋ ಮೊಣಕೈ ಇಳಿಯುವಷ್ಟು ದಪ್ಪ ಹಾಸಿ. ಮೂಳೆ ಜಾರಿದೆಯಾ ಅಂತ ಎಕ್ಸ್‌ರೇ ಬೇಕಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ವೈದ್ಯರು ಹೇಳದೆ ಗಾಡಿ ಹತ್ತಿಸಬೇಡಿ.

ಹುರುಳಿ, ಬೆಲ್ಲ ಪೂರ್ತಿ ಬಂದ್. ಹಸಿರು ಹುಲ್ಲೂ ಬೇಡ. ಪೋನಿ ಬಡ ಹುಲ್ಲಿನಲ್ಲೇ ಮೈ ತುಂಬಿಕೊಳ್ಳುವ ಜೀವ, ಹೊಸ ಹುಲ್ಲು, ಬೆಲ್ಲದ ಇಷ್ಟು ಸಕ್ಕರೆ ಅದಕ್ಕೆ ತಡೆಯುವುದಿಲ್ಲ. ಗೊರಸಿನ ಪದರ ಊದಿದ್ದು ಅದರಿಂದಲೇ ಇರಬೇಕು. ಹಾಗಂತ ಉಪವಾಸ ಕೆಡವಬೇಡಿ. ದಪ್ಪ ಪೋನಿ ಹಸಿದರೆ ಮೈಯ ಕೊಬ್ಬು ರಕ್ತಕ್ಕಿಳಿದು ಪ್ರಾಣಕ್ಕೇ ಕುತ್ತು. 150 ಕಿಲೋ ತೂಕದ ಪೋನಿಗೆ ದಿನಕ್ಕೆ ಎರಡೂಕಾಲು ಕಿಲೋ ಒಣಹುಲ್ಲು ಸಾಕು. ಒಂದು ಗಂಟೆ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ, ನಾಲ್ಕು ಸಲ ಹಂಚಿ ಕೊಡಿ. ಸಕ್ಕರೆ ಸ್ವಲ್ಪ ಇಳಿಯುತ್ತದೆ. ಬೆಳೆಯುವ ವಯಸ್ಸು ನೋಡಿ, ಖನಿಜ ಮಿಶ್ರಣ ಎಷ್ಟು ಅಂತ ವೈದ್ಯರನ್ನು ಕೇಳಿ.

ನೇಪಿಯರ್ ಮುಂದೆಯೂ ಬೇಡ. ಅದರಲ್ಲಿ ಆಕ್ಸಲೇಟ್ ಜಾಸ್ತಿ. ಹಸುವಿನ ಹೊಟ್ಟೆ ಅದನ್ನು ಬಹುಪಾಲು ಒಡೆದುಹಾಕುತ್ತದೆ. ಕುದುರೆ ಜಾತಿಗೆ ಅದು ಆಗದು. ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟು ಮೂಳೆ ಬಡವಾಗುತ್ತದೆ.

ನೋವು ಪೂರ್ತಿ ಇಳಿದು, ವೈದ್ಯರು ಒಪ್ಪಿದ ಮೇಲೆ ಮೇಯಲು ಬಿಡಿ. ಬಿಸಿಲಿಗೆ ಹುಲ್ಲಿನಲ್ಲಿ ಸಕ್ಕರೆ ಸೇರುತ್ತಾ ಹೋಗುತ್ತದೆ. ಸಂಜೆಗೆ ಜಾಸ್ತಿ, ಬೆಳಗಿನ ಜಾವಕ್ಕೆ ಕಡಿಮೆ. ಬೆಳಕು ಹರಿದಾಗ ಅರ್ಧ ಗಂಟೆಯಿಂದ ಶುರುಮಾಡಿ. ಎತ್ತಿಗೆ ಕಟ್ಟುವ ಬಾಯಿಕುಕ್ಕೆಯ ತಳದಲ್ಲಿ ಎರಡು ಬೆರಳಗಲದ ತೂತು ಮಾಡಿ ಕಟ್ಟಿದರೆ ನಾಲ್ಕು ಎಸಳಷ್ಟೇ ಬಾಯಿಗೆ ಸಿಗುತ್ತವೆ, ನೀರನ್ನೂ ಕುಡಿಯಬಹುದು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ. ನಾಡಿ ನೋಡುವುದನ್ನು ಮಗಳಿಗೂ ಕಲಿಸಿ. ಅವಳು ಮುಟ್ಟಿದಾಗ ಬಡಿತ ಜೋರು ಅನಿಸಿದ ದಿನ ಪೋನಿ ಕೊಟ್ಟಿಗೆಯಲ್ಲೇ ಇರಲಿ.