ಹಿಮ ಬೀಳುವ ಊರಿನ ಫುಟ್‌ಬಾಲ್ ಮೈದಾನಕ್ಕೆ ಸೂರು ಬೇಕೆ?

ಓದುಗರ ಪ್ರಶ್ನೆ, ಎಂಜಿನಿಯರ್ ಉತ್ತರ

(ಕಟ್ಟಡ, ಸೇತುವೆ, ಅಣೆಕಟ್ಟುಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಮಿನ್ನಿಯಾಪೊಲಿಸ್‌ನಲ್ಲಿ ನೆಲೆಸಿರುವ ನಮ್ಮ ಅಂಕಣಕಾರ್ತಿ, ನಿವೃತ್ತ ಸ್ಟ್ರಕ್ಚರಲ್ ಎಂಜಿನಿಯರ್, ಉತ್ತರಿಸುತ್ತಾರೆ. ಈ ಬಾರಿಯ ಪ್ರಶ್ನೆಗಳೆಲ್ಲ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣಗಳ ಕುರಿತಾದವು.)

ಪ್ರಶ್ನೆ: ಮೇಡಂ, ನಾವು ಬಫಲೋ ನಗರದ ದಕ್ಷಿಣಕ್ಕೆ, ಆರ್ಚರ್ಡ್ ಪಾರ್ಕ್ ಸಮೀಪದಲ್ಲಿ ವಾಸವಾಗಿದ್ದೇವೆ. ಬಫಲೋ ಬಿಲ್ಸ್ ತಂಡದ ಹಳೆಯ ಕ್ರೀಡಾಂಗಣದ ಎದುರು ರಸ್ತೆಯಲ್ಲೇ ಹೊಸದು ಎದ್ದಿದೆ. ಇಷ್ಟೊಂದು ಹಣ ಸುರಿದು, ಹಿಮದಲ್ಲಿ ಹೂತುಹೋಗುವ ಊರಿನಲ್ಲಿ ಛಾವಣಿಯಿಲ್ಲದ ಕ್ರೀಡಾಂಗಣ ಕಟ್ಟಿದರಲ್ಲ, ಇದೆಂಥ ಯೋಜನೆ? ನಮ್ಮ ತೆರಿಗೆಯೂ ಅದರಲ್ಲಿ ಸೇರಿದೆ.

ಉತ್ತರ: ತೆರಿಗೆ ಕಟ್ಟಿದವರಿಗೆ ಕೇಳುವ ಹಕ್ಕಿದೆ. ಆದರೆ ನನ್ನ ಅಭಿಪ್ರಾಯ ನಿಮ್ಮದಕ್ಕೆ ವಿರುದ್ಧ. ಆರ್ಚರ್ಡ್ ಪಾರ್ಕ್‌ಗೆ ಪೂರ್ತಿ ಛಾವಣಿ ಹಾಕದಿದ್ದುದು ಸರಿಯಾದ ತೀರ್ಮಾನ, ಮತ್ತು ಅದಕ್ಕೆ ಮುಖ್ಯ ಕಾರಣ ನಿಮ್ಮ ತೆರಿಗೆಯೇ.

ಛಾವಣಿ ಬೇಕೆನ್ನುವವರು ಮೊದಲು ಎತ್ತುವುದು ಕೈತಪ್ಪಿದ ಪಂದ್ಯಗಳ ಮಾತು. 2014ರ ನವೆಂಬರಿನಲ್ಲಿ ಜೆಟ್ಸ್ ವಿರುದ್ಧದ ಪಂದ್ಯವನ್ನೂ, 2022ರ ನವೆಂಬರಿನಲ್ಲಿ ಬ್ರೌನ್ಸ್ ವಿರುದ್ಧದ ಪಂದ್ಯವನ್ನೂ ಡೆಟ್ರಾಯಿಟ್‌ನ ಮುಚ್ಚಿದ ಕ್ರೀಡಾಂಗಣಕ್ಕೆ ಸಾಗಿಸಬೇಕಾಯಿತು. ಆ ಎರಡು ವಾರ ಆರ್ಚರ್ಡ್ ಪಾರ್ಕ್ ಹೇಗಿತ್ತೆಂದು ನೀವೇ ಕಂಡಿದ್ದೀರಿ. 2022ರಲ್ಲಿ ಬಿದ್ದದ್ದು ಆರು ಅಡಿಗೂ ಹೆಚ್ಚು ಹಿಮ. ಆಟಗಾರರು ತಮ್ಮ ಮನೆಯ ಬಾಗಿಲಿನಿಂದ ರಸ್ತೆಗೆ ಬರಲಾಗದೆ, ನೆರೆಹೊರೆಯವರು ಸಲಿಕೆ ಹಿಡಿದು ದಾರಿ ಮಾಡಿಕೊಟ್ಟರು. ಮೈದಾನದ ಮೇಲೆ ಛಾವಣಿ ಇದ್ದಿದ್ದರೆ ಒಳಗೆ ಒಣ ಹುಲ್ಲು, ಹೊರಗೆ ಮುಚ್ಚಿಹೋದ ಹೆದ್ದಾರಿ. ಅರವತ್ತು ಸಾವಿರ ಜನ ಒಳಗೆ ಬರುವುದು ಎಲ್ಲಿಂದ? ಅವರಿಗಾಗಿ ಪೊಲೀಸರನ್ನೂ ಆಂಬುಲೆನ್ಸ್‌ಗಳನ್ನೂ ಊರಿನ ತುರ್ತು ಕೆಲಸದಿಂದ ಎಳೆದು ತರುವುದು ಯಾವ ನ್ಯಾಯ? 2024ರ ಜನವರಿಯಲ್ಲಿ ಸ್ಟೀಲರ್ಸ್ ವಿರುದ್ಧದ ಪ್ಲೇಆಫ್ (ನಾಕೌಟ್) ಪಂದ್ಯವನ್ನು ಭಾನುವಾರದಿಂದ ಸೋಮವಾರಕ್ಕೆ ತಳ್ಳಿದಾಗಲೂ ಕೌಂಟಿಯಲ್ಲಿ (ಅಲ್ಲಿನ ಜಿಲ್ಲೆಯಲ್ಲಿ) ವಾಹನ ಸಂಚಾರಕ್ಕೇ ನಿಷೇಧವಿತ್ತು. ಆ ದಿನಗಳನ್ನು ಯಾವ ಛಾವಣಿಯೂ ಉಳಿಸುತ್ತಿರಲಿಲ್ಲ.

ಇನ್ನು ಆ ಹಿಮದ ಭಾರ. ಇರೀ ಸರೋವರದ ನೀರು ಚಳಿಗಾಲದ ಆರಂಭದಲ್ಲಿ ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಹಾದುಬರುವ ಕೊರೆಯುವ ಗಾಳಿ ತೇವ ಹೀರಿಕೊಂಡು, ಕಿರಿದಾದ ಪಟ್ಟಿಯಾಗಿ ದಡದ ಮೇಲೆ ಸುರಿಯುತ್ತದೆ. ಉತ್ತರ ಬಫಲೋದಲ್ಲಿ ಆಕಾಶ ತಿಳಿಯಾಗಿದ್ದಾಗ ನಿಮ್ಮ ಕಡೆ ಕಾರುಗಳು ಕಾಣದಂತೆ ಹಿಮ ಬೀಳುವುದು ಹೀಗೆ. ಆರು ಅಡಿ ಹೊಸ ಹಿಮವನ್ನು, ಘನ ಮೀಟರಿಗೆ ನೂರು ಕಿಲೋ ಎಂದು ಹಗುರವಾಗಿಯೇ ಹಿಡಿದರೂ, ಚದರ ಮೀಟರಿಗೆ ಸುಮಾರು 180 ಕಿಲೋ ಆಗುತ್ತದೆ. ಇನ್ನೂರು ಮೀಟರ್ ಉದ್ದ, ಇನ್ನೂರು ಮೀಟರ್ ಅಗಲದ ಛಾವಣಿಯ ಮೇಲೆ ಅದು ಏಳು ಸಾವಿರ ಟನ್ನಿಗೂ ಹೆಚ್ಚು. ಗಾಳಿ ಒಂದೇ ಮೂಲೆಗೆ ಗುಡ್ಡೆ ಹಾಕಿದರೆ ಅಲ್ಲಿ ಇದರ ಎರಡು ಮೂರು ಪಟ್ಟು. ನಡುವೆ ಒಂದೇ ಒಂದು ಕಂಬ ನಿಲ್ಲಿಸುವಂತಿಲ್ಲ. ಕಟ್ಟಲಾಗದು ಎಂದು ಹೇಳುತ್ತಿಲ್ಲ, ಖಂಡಿತ ಕಟ್ಟಬಹುದು. ಪ್ರತಿ ಕಿಲೋ ಹಿಮಕ್ಕೂ ಉಕ್ಕಿನ ಬೆಲೆ ಕೊಡಬೇಕು ಎನ್ನುತ್ತಿದ್ದೇನೆ.

ಆ ಬೆಲೆ ಬಫಲೋಗೆ ಹೊಸದಲ್ಲ. 1960ರ ದಶಕದ ಕೊನೆಯಲ್ಲಿ ಇರೀ ಕೌಂಟಿಯು ಲ್ಯಾಂಕಾಸ್ಟರ್ ಎಂಬಲ್ಲಿ ಗುಮ್ಮಟವಿರುವ ಕ್ರೀಡಾಂಗಣ ಕಟ್ಟುವುದಾಗಿ ಕೆನ್‌ಫೋರ್ಡ್ ಎಂಬ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಟೆಂಡರು ತೆರೆದಾಗ ಮೊತ್ತ ಮಂಜೂರಾದ ಹಣವನ್ನು ಮೀರಿತ್ತು. ಕೌಂಟಿ ಹಿಂದೆ ಸರಿದು ಆರ್ಚರ್ಡ್ ಪಾರ್ಕ್‌ನಲ್ಲಿ ತೆರೆದ ಮೈದಾನ ಕಟ್ಟಿತು, 1973ರಲ್ಲಿ ಅದು ಆರಂಭವಾಯಿತು. ಕಂಪನಿ ಹೂಡಿದ ದಾವೆ 1989ರವರೆಗೂ ಎಳೆಯಿತು. ಕಾನೂನು ವಿದ್ಯಾರ್ಥಿಗಳು ಗುತ್ತಿಗೆ ಭಂಗದ ಪಾಠದಲ್ಲಿ ಇಂದಿಗೂ ಅದನ್ನು ಓದುತ್ತಾರೆ. ಕಟ್ಟದೇ ಬಿಟ್ಟ ಗುಮ್ಮಟವೇ ಆ ಊರಿಗೆ ಅಷ್ಟು ಕಾಲ ಕಾಟ ಕೊಟ್ಟಿತು.

ಈ ಬಾರಿ ನ್ಯೂಯಾರ್ಕ್ ರಾಜ್ಯ 60 ಕೋಟಿ ಡಾಲರ್, ಕೌಂಟಿ 25 ಕೋಟಿ ಡಾಲರ್ ಕೊಟ್ಟಿವೆ. ಅಂದಾಜು ಮೀರಿದ ವೆಚ್ಚ ತಂಡದ್ದು. ಛಾವಣಿ ಬೇಕೆಂದಿದ್ದರೆ ಈ ಮೊತ್ತ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ ಯೋಚಿಸಿ. ತಂಡ ತನ್ನ ಮೈದಾನದಲ್ಲಿ ಆಡುವುದು ವರ್ಷಕ್ಕೆ ಹತ್ತರ ಆಸುಪಾಸು ಪಂದ್ಯ. ಉಳಿದ ಮುನ್ನೂರೈವತ್ತು ದಿನ ಆ ಛಾವಣಿಯ ಕೆಳಗೆ ಏನು ನಡೆಯುತ್ತದೆ? ನನ್ನ ದೃಷ್ಟಿಯಲ್ಲಿ ಛಾವಣಿಯ ಪ್ರಶ್ನೆಯೆಂದರೆ ಇದೊಂದೇ. ನಮ್ಮ ಮಿನ್ನಿಯಾಪೊಲಿಸ್‌ನಲ್ಲಿ ಕ್ರೀಡಾಂಗಣ ನಗರದ ನಡುಮಧ್ಯೆ ಇದೆ, ಬಾಗಿಲಿಗೆ ರೈಲು ಬರುತ್ತದೆ, ಸುತ್ತ ಹೋಟೆಲುಗಳಿವೆ. 2016ರಲ್ಲಿ ಅದು ತೆರೆದ ಮೇಲೆ 2018ರಲ್ಲಿ ಸೂಪರ್ ಬೌಲ್ (ಲೀಗಿನ ಫೈನಲ್ ಪಂದ್ಯ), 2019ರಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಅಂತಿಮ ಸುತ್ತು, ನಡುನಡುವೆ ಸಂಗೀತ ಕಾರ್ಯಕ್ರಮ, ಪ್ರದರ್ಶನ. ಅಲ್ಲಿ ಛಾವಣಿಗೆ ಕೆಲಸವಿದೆ. ಆರ್ಚರ್ಡ್ ಪಾರ್ಕ್ ಸುತ್ತ ಇರುವುದು ವಾಹನ ನಿಲುಗಡೆಯ ಬಯಲು.

ಸೂಪರ್ ಬೌಲ್ ಆಸೆಯನ್ನೂ ಯಾರಾದರೂ ತೋರಿಸಿಯಾರು. ಚಳಿಯೂರಿನಲ್ಲಿ ಛಾವಣಿ ಕಟ್ಟಿದರೆ ಆ ಪಂದ್ಯ ಬಹುಮಾನದಂತೆ ಒಮ್ಮೆ ಬರುತ್ತದೆ: ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್‌ಗೆ 2006ರಲ್ಲಿ, ಇಂಡಿಯಾನಾಪೊಲಿಸ್‌ಗೆ 2012ರಲ್ಲಿ, ನಮಗೆ 2018ರಲ್ಲಿ. ಒಂದು ಕ್ರೀಡಾಂಗಣಕ್ಕೆ ಒಂದೇ ಸಲ. ಹೀಗಿರುವಾಗ ಕ್ಲೀವ್‌ಲ್ಯಾಂಡ್ ತಂಡ ಸರೋವರದ ದಡ ಬಿಟ್ಟು ಬ್ರೂಕ್ ಪಾರ್ಕ್ ಎಂಬ ಉಪನಗರದಲ್ಲಿ ಮುಚ್ಚಿದ ಕ್ರೀಡಾಂಗಣ ಕಟ್ಟಲು ಹೊರಟಿದೆ, ಒಹಾಯೊ ರಾಜ್ಯ 2025ರ ಬಜೆಟ್‌ನಲ್ಲಿ ಅದಕ್ಕಾಗಿ ವಾರಸುದಾರರು ಕೇಳದೆ ಉಳಿದ ಜನರ ಹಣದಿಂದ 60 ಕೋಟಿ ಡಾಲರ್ ತೆಗೆದಿಟ್ಟಿತು. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ನಿಮ್ಮಲ್ಲಿ ಕಟ್ಟಿದ್ದನ್ನು ಸ್ವಲ್ಪ ಗಮನವಿಟ್ಟು ನೋಡಿ. ಮೈದಾನವನ್ನು ನೆಲಮಟ್ಟಕ್ಕಿಂತ ಆಳಕ್ಕೆ ಇಳಿಸಿದ್ದಾರೆ. ಹೊರಗೋಡೆಗೆ ತೂತುಗಳಿರುವ ಲೋಹದ ಹಲಗೆ ಹೊದಿಸಿ ಸರೋವರದ ಗಾಳಿಯನ್ನು ಮುರಿದಿದ್ದಾರೆ. ಆಸನಗಳ ಪೈಕಿ ಸುಮಾರು ಶೇ 65ರಷ್ಟರ ಮೇಲೆ ಚಾಚಿಕೊಂಡ ಸೂರು ಇದೆ. ನೋಡುವವರ ತಲೆಗೆ ನೆರಳು, ಆಡುವವರ ತಲೆಗೆ ಆಕಾಶ. ಹುಲ್ಲು ನಿಜವಾದ ಹುಲ್ಲು, ಅದರ ಬುಡದಲ್ಲಿ ಬಿಸಿ ಕೊಳವೆಗಳು. ಪೂರ್ತಿ ಮುಚ್ಚಿದ್ದರೆ ಕೃತಕ ಹುಲ್ಲೇ ಗತಿಯಾಗುತ್ತಿತ್ತು. ಮೊಣಕಾಲು, ಪಾದದ ಕೀಲುಗಳ ಮೇಲೆ ಅದರ ಪರಿಣಾಮದ ಬಗ್ಗೆ ಆಟಗಾರರ ಸಂಘ ವರ್ಷಗಳಿಂದ ಕೂಗುತ್ತಿದೆ. ಚಳಿಯೂರಿನ ಪ್ರೇಕ್ಷಕನನ್ನು ಕೊಲ್ಲುವುದು ಗಾಳಿ. ಗಾಳಿ ತಡೆಯುವುದಕ್ಕೆ ಛಾವಣಿಗಿಂತ ಅಗ್ಗದ, ಉತ್ತಮ ದಾರಿಗಳಿವೆ, ನಿಮ್ಮವರು ಅವನ್ನು ಹಿಡಿದಿದ್ದಾರೆ.

ಪ್ರಶ್ನೆ: ಮೈನಸ್ ಇಪ್ಪತ್ತರಲ್ಲಿ ಆಡಿದರೆ ಆಟದ ಗುಣಮಟ್ಟವೇ ಕೆಡುವುದಿಲ್ಲವೆ? ಒಳಗೆ ಆಡುವ ಆಟ ವೇಗವಾಗಿ, ನೋಡಲು ಚೆನ್ನಾಗಿರುತ್ತದೆ.

ಉತ್ತರ: ಕೌಶಲ ಕುಗ್ಗುತ್ತದೆ, ನಿಜ. ಬೆಚ್ಚಗಿನ ಕೋಣೆಯಲ್ಲಿ ನಿಯಮದಂತೆ 12.5 ಪಿಎಸ್‌ಐಗೆ ಗಾಳಿ ತುಂಬಿದ ಚೆಂಡು ಪೂರ್ತಿ ತಣ್ಣಗಾಗಿ ಮೈನಸ್ 20 ಸೆಲ್ಸಿಯಸ್‌ಗೆ ಇಳಿದರೆ ಒತ್ತಡ ಒಂಬತ್ತರ ಹತ್ತಿರ ಬರುತ್ತದೆ. ಚರ್ಮ ಬಿರುಸಾಗುತ್ತದೆ. ಬೇಸಿಗೆಯ ಗಾಳಿಗಿಂತ ಆ ಗಾಳಿ ಶೇ 15ರಷ್ಟು ಸಾಂದ್ರ, ಹಾಗಾಗಿ ಒದ್ದ ಚೆಂಡು ಬೇಗ ಸೋಲುತ್ತದೆ.

ಆದರೆ ಆಟ ಕೆಡುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. 1967ರ ಡಿಸೆಂಬರ್ 31ರಂದು ಗ್ರೀನ್ ಬೇ ಊರಿನ ಲ್ಯಾಂಬೋ ಫೀಲ್ಡ್‌ನಲ್ಲಿ ಪಂದ್ಯ ಶುರುವಾದಾಗ ಮೈನಸ್ 25 ಸೆಲ್ಸಿಯಸ್ ಇತ್ತು. ಆ ವರ್ಷ ಹೊಸದಾಗಿ ಹೂಳಿದ್ದ ವಿದ್ಯುತ್ ತಂತಿಗಳ ಜಾಲ ಕೈಕೊಟ್ಟು ನೆಲ ಮಂಜುಗಡ್ಡೆಯಾಯಿತು. ರೆಫರಿಗಳ ಸೀಟಿಗಳು ತುಟಿಗೆ ಅಂಟಿಕೊಂಡವು, ಮುಂದೆ ಅವರು ಕೂಗಿಯೇ ಆಟ ನಿಲ್ಲಿಸಿದರು. ಕೊನೆಯ ಕ್ಷಣಗಳಲ್ಲಿ, ಗೋಲು ಗೆರೆಗೆ ಒಂದೇ ಗಜ ಬಾಕಿಯಿರುವಾಗ, ಗ್ರೀನ್ ಬೇ ಪ್ಯಾಕರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ ಆಟಗಾರ) ಬಾರ್ಟ್ ಸ್ಟಾರ್ ಚೆಂಡನ್ನು ತಾನೇ ಎದೆಗವಚಿಕೊಂಡು ನುಗ್ಗಿದರು. ಪ್ಯಾಕರ್ಸ್ 21, ಎದುರಾಳಿ ಕೌಬಾಯ್ಸ್ 17. ಅರ್ಧ ಶತಮಾನ ದಾಟಿದರೂ ಜನ ಮಾತಾಡುವ ಪಂದ್ಯ ಅದು.

ನಮ್ಮ ವೈಕಿಂಗ್ಸ್ ತಂಡ ಹಳೆಯ ಗುಮ್ಮಟ ಕೆಡವಿದ ಮೇಲೆ ಎರಡು ಋತು ವಿಶ್ವವಿದ್ಯಾಲಯದ ತೆರೆದ ಮೈದಾನದಲ್ಲಿ ಆಡಿತು. 2016ರ ಜನವರಿ 10ರಂದು ಸಿಯಾಟಲ್ ವಿರುದ್ಧದ ಪ್ಲೇಆಫ್‌ಗೆ ನಾನು ಹೋಗಿದ್ದೆ, ಮೈನಸ್ 21. ಎಂಬತ್ತೆಂಟರ ಹರೆಯದ ಹಳೆಯ ಕೋಚ್ ಬಡ್ ಗ್ರಾಂಟ್ ನಾಣ್ಯ ಚಿಮ್ಮುವುದಕ್ಕೆ ಅರ್ಧ ತೋಳಿನ ಅಂಗಿಯಲ್ಲಿ ನಡೆದು ಬಂದಾಗ ಇಡೀ ಮೈದಾನ ಎದ್ದು ನಿಂತಿತು. ತಮ್ಮ ಕಾಲದಲ್ಲಿ ಆಟಗಾರರ ಪಕ್ಕ ಹೀಟರ್ ಇಡಲು ಬಿಡದಿದ್ದವರು ಅವರು. ಕೊನೆಯಲ್ಲಿ ನಮ್ಮ ಕಿಕ್ಕರ್ ಬ್ಲೇರ್ ವಾಲ್ಷ್ 27 ಗಜದಿಂದ ಒದ್ದ ಚೆಂಡು ಗೋಲುಕಂಬಗಳ ಎಡಕ್ಕೆ ಹೋಗಿ ನಾವು 9–10ರಿಂದ ಸೋತೆವು. ನಮ್ಮ ಆ ಒಂಬತ್ತು ಅಂಕಗಳನ್ನೂ ಅದೇ ಚಳಿಯಲ್ಲಿ ಗಳಿಸಿಕೊಟ್ಟವರು ವಾಲ್ಷ್ ಅವರೇ ಎಂಬುದನ್ನು ಬಯ್ಯುವವರು ಮರೆಯುತ್ತಾರೆ. ಎರಡೂ ತಂಡಗಳಿಗೆ ಚಳಿ ಒಂದೇ. ಅದರೊಳಗೆ ಏನು ಮಾಡಲು ಸಾಧ್ಯ ಎಂದು ಕಂಡುಕೊಳ್ಳುವುದೂ ಈ ಆಟದ ಭಾಗ ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಗಾಳಿ ತುಂಬಿ ನಿಲ್ಲಿಸುವ ಬಟ್ಟೆಯ ಛಾವಣಿ ಅಗ್ಗವಲ್ಲವೆ? ಇಲ್ಲವೇ ಬೇಕಾದಾಗ ಸರಿಸುವ ಛಾವಣಿ?

ಉತ್ತರ: ಮೊದಲನೆಯದನ್ನು ಈ ಊರು ಪರೀಕ್ಷಿಸಿ ಮುಗಿಸಿದೆ. 1982ರಲ್ಲಿ ತೆರೆದ ಮೆಟ್ರೋಡೋಮ್‌ನ ಛಾವಣಿ ಟೆಫ್ಲಾನ್ ಲೇಪದ ಫೈಬರ್‌ಗ್ಲಾಸ್ ಬಟ್ಟೆ. ದೊಡ್ಡ ಫ್ಯಾನುಗಳು ಒಳಗಿನ ಒತ್ತಡವನ್ನು ತುಸು ಹೆಚ್ಚಿಟ್ಟು ಅದನ್ನು ಎತ್ತಿ ಹಿಡಿಯುತ್ತಿದ್ದವು. ಹಿಮ ಕರಗಿಸಲು ಎರಡು ಪದರಗಳ ನಡುವೆ ಬಿಸಿ ಗಾಳಿ ಹಾಯಿಸುತ್ತಿದ್ದರು. ಉದ್ಘಾಟನೆಗೆ ಮೊದಲೇ, 1981ರ ನವೆಂಬರಿನಲ್ಲಿ, ಒಮ್ಮೆ ಕುಸಿದಿತ್ತು. 2010ರ ಡಿಸೆಂಬರ್ 12ರ ನಸುಕಿನಲ್ಲಿ ಹದಿನೇಳು ಇಂಚು ಹಿಮದ ಭಾರಕ್ಕೆ ಬಟ್ಟೆ ಹರಿದು, ಹಿಮವೆಲ್ಲ ಮೈದಾನಕ್ಕೆ ಸುರಿಯಿತು. ಮೇಲೆ ಹಿಮ ಕರಗಿಸುತ್ತಿದ್ದ ಕೆಲಸಗಾರರನ್ನು ಬಿರುಗಾಳಿಯ ಕಾರಣ ಹಿಂದಿನ ರಾತ್ರಿಯೇ ಕೆಳಗಿಳಿಸಿದ್ದರು. ಅವರು ಇಳಿದಿದ್ದರಲ್ಲ ಎಂಬ ಸಮಾಧಾನ ನನಗೆ ಇಂದಿಗೂ ಇದೆ. ವ್ಯಾಂಕೂವರ್‌ನ ಬಿ.ಸಿ. ಪ್ಲೇಸ್‌ನದು 2007ರಲ್ಲಿ, ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ನದು 1985ರಲ್ಲಿ ಹೀಗೆಯೇ ಹೋದವು.

ಸರಿಯುವ ಛಾವಣಿಗೆ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡಾಂಗಣವೇ ಉದಾಹರಣೆ. ಅಲ್ಲಿ ಎತ್ತಿ ಇಳಿಸುವ ಬಟ್ಟೆ ಮತ್ತೆ ಮತ್ತೆ ಹರಿಯಿತು. ಬದಲಿಗೆ ಹಾಕಿದ ಸ್ಥಿರ ಛಾವಣಿಯೂ 1999ರ ಜನವರಿಯಲ್ಲಿ ಹಿಮಕ್ಕೆ ಸೀಳಿತು. 2024ರಲ್ಲಿ ಕ್ವಿಬೆಕ್ ಸರ್ಕಾರ ಹೊಸ ಛಾವಣಿಗೆ 87 ಕೋಟಿ ಕೆನಡಾ ಡಾಲರ್ ಘೋಷಿಸಿತು. ಯಂತ್ರದಿಂದ ಸರಿಯುವ ಗಟ್ಟಿ ಛಾವಣಿ ಇಂಡಿಯಾನಾಪೊಲಿಸ್‌ನಲ್ಲಿ ಚೆನ್ನಾಗಿ ನಡೆಯುತ್ತಿದೆ. ಆದರೆ ಎರಡು ಕ್ರೀಡಾಂಗಣಗಳ ಖರ್ಚನ್ನು ಒಂದಕ್ಕೆ ಹಾಕಿದಂತೆ ಅದು. ಮಿನ್ನಿಯಾಪೊಲಿಸ್‌ನಲ್ಲಿ ಅದನ್ನು ಕೈಬಿಟ್ಟು, ಕಡಿದಾದ ಇಳಿಜಾರಿನ ಸ್ಥಿರ ಛಾವಣಿ ಕಟ್ಟಿದರು. ದಕ್ಷಿಣಕ್ಕಿರುವ ಭಾಗ ಇಟಿಎಫ್‌ಇ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಚಳಿಗಾಲದ ಬಿಸಿಲು ಒಳಗೆ ಬೀಳುತ್ತದೆ, ಹಿಮ ಜಾರಿ ಅಂಚಿನ ಕಾಲುವೆಗೆ ಹೋಗಿ ಕರಗುತ್ತದೆ. ಮುಚ್ಚಲೇಬೇಕು ಎನ್ನುವ ಊರು ಈ ದಾರಿ ನೋಡಲಿ.

ಪ್ರಶ್ನೆ: ಎಂಟು ವರ್ಷದ ಮಗಳು ಜನವರಿಯ ಪಂದ್ಯಕ್ಕೆ ಹೋಗೋಣವೆಂದು ಹಟ ಹಿಡಿದಿದ್ದಾಳೆ. ತೆರೆದ ಮೈದಾನಕ್ಕೆ ಕರೆದೊಯ್ಯಬಹುದೆ?

ಉತ್ತರ: ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. 2024ರ ಜನವರಿ 13ರಂದು ಕಾನ್ಸಾಸ್ ಸಿಟಿಯಲ್ಲಿ ಚೀಫ್ಸ್ ಮತ್ತು ಡಾಲ್ಫಿನ್ಸ್ ಆಡಿದಾಗ ಮೈನಸ್ 20 ಇತ್ತು, ಗಾಳಿ ಸೇರಿ ಮೈಗೆ ತಟ್ಟಿದ್ದು ಮೈನಸ್ 33ರಂತೆ. ಆ ವಾರದ ಚಳಿಗೆ ಬೆರಳು ಕಳೆದುಕೊಂಡವರಲ್ಲಿ ಪಂದ್ಯ ನೋಡಲು ಹೋದವರೂ ಇದ್ದರು. ನಾನು ತೆರೆದ ಮೈದಾನದ ಪರ ಎಂದ ಮಾತ್ರಕ್ಕೆ ಆ ದಿನ ಅಲ್ಲಿ ಪಂದ್ಯ ನಡೆಸಿದ್ದು ಸರಿ ಎನ್ನಲಾರೆ. ಇಂತಿಷ್ಟು ಚಳಿ ದಾಟಿದರೆ ಪಂದ್ಯವನ್ನು ಒಂದು ದಿನ ಮುಂದಕ್ಕೆ ಹಾಕಬೇಕೆಂಬ ನಿಯಮ ಬರಬೇಕು. ಹಿಮಕ್ಕೆ ಮುಂದೂಡಲು ಬರುವವರಿಗೆ ಚಳಿಗೆ ಮುಂದೂಡಲು ಏಕೆ ಬಾರದು?

ಗಾಳಿಯ ಸಮೇತ ಮೈನಸ್ ಹತ್ತರವರೆಗಾದರೆ ಮಗುವನ್ನು ಕರೆದೊಯ್ಯಿರಿ. ಹತ್ತಿಯ ಬಟ್ಟೆ ಮೈಗೆ ತಾಗಿಸಬೇಡಿ, ಬೆವರು ಹಿಡಿದು ತಣ್ಣಗಾಗುತ್ತದೆ. ಒಳಗೆ ಉಣ್ಣೆ ಹಾಕಿ. ಬೆರಳುಗಳು ಒಟ್ಟಿಗಿರುವ ಕೈಗವಸು, ಒಂದು ಅಳತೆ ದೊಡ್ಡದಾದ ಬೂಟು. ಕಾಂಕ್ರೀಟು ಕಾಲಿನ ಬಿಸಿಯನ್ನು ಎಳೆಯುತ್ತದೆ, ಪಾದದ ಕೆಳಗೆ ದಪ್ಪ ರಟ್ಟಿನ ತುಂಡು ಹಾಕಿ. ಪ್ರತಿ ಕ್ವಾರ್ಟರ್ (ಪಂದ್ಯದ ಕಾಲುಭಾಗ) ಮುಗಿದಾಗ ಒಳಗೆ ಕರೆದೊಯ್ದು ಕೆನ್ನೆ, ಮೂಗಿನ ತುದಿ, ಬೆರಳು ನೋಡಿ. ಚರ್ಮ ಬಿಳಿಚಿದ್ದರೆ ಅಥವಾ ಮಗಳು ಮರಗಟ್ಟಿದೆ ಎಂದರೆ ಅಲ್ಲಿಗೆ ಪಂದ್ಯ ಮುಗಿಯಿತು, ಉಜ್ಜದೆ ಬೆಚ್ಚಗೆ ಮಾಡಿ ಪ್ರಥಮ ಚಿಕಿತ್ಸೆಯ ಕೊಠಡಿಗೆ ಹೋಗಿ. ಟಿಕೆಟ್ ಕೊಳ್ಳುವಾಗ ಚಾಚುಸೂರಿನ ಕೆಳಗಿನ, ಗಾಳಿಗೆ ಬೆನ್ನು ಮಾಡಿದ ಸಾಲು ಕೇಳಿ ಪಡೆಯಿರಿ. ಮುನ್ಸೂಚನೆ ಮೈನಸ್ ಇಪ್ಪತ್ತು ಎಂದಿದ್ದರೆ ಟಿಕೆಟಿನ ಹಣ ಹೋಗಲಿ, ಮನೆಯಲ್ಲೇ ಕುಳಿತು ಟಿ.ವಿ.ಯಲ್ಲಿ ನೋಡಿ.